ಡೇವಿ ಅಂಡ್ ಗೋಲಿಯಾತ್: ಸಂಡೇ ಸ್ಕೂಲ್ ಟೀಚರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಕಾರ್ಯಕ್ರಮ? ಮಾಡಿಸಿದವರು ಯಾರು?

ಡೇವಿ ಹ್ಯಾನ್ಸನ್ ಎಂಬ ಹುಡುಗ, ಗೋಲಿಯಾತ್ ಎಂಬ ಅವನ ದೊಡ್ಡ ನಾಯಿ, ತಂಗಿ ಸ್ಯಾಲಿ, ಅಪ್ಪ ಜಾನ್, ಅಮ್ಮ ಇಲೇನ್. ಈ ಮನೆಯ ಸುತ್ತ ನಡೆಯುವ ಅಮೆರಿಕದ ಮಕ್ಕಳ ಟಿವಿ ಧಾರಾವಾಹಿ ಇದು. ಮಾಡಿಸಿದ್ದು ಯುನೈಟೆಡ್ ಲೂಥರನ್ ಚರ್ಚ್ ಇನ್ ಅಮೆರಿಕ. 1962ರಲ್ಲಿ ಆ ಸಭೆ ಬೇರೆ ಲೂಥರನ್ ಸಭೆಗಳ ಜೊತೆ ಸೇರಿ ಲೂಥರನ್ ಚರ್ಚ್ ಇನ್ ಅಮೆರಿಕ ಆಯಿತು. 1988ರಲ್ಲಿ ಮತ್ತೊಂದು ವಿಲೀನವಾಗಿ ಇವಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ ಎಂಬ ಈಗಿನ ಹೆಸರು ಬಂತು.

ಸಭೆಯ ಕಡೆಯಿಂದ ಇದರ ಹಿಂದೆ ನಿಂತವರು ಡಿಕ್ ಸಟ್‌ಕ್ಲಿಫ್. ಗೊಂಬೆಗಳಿಗೆ ಜೀವ ಕೊಟ್ಟವರು ಆರ್ಟ್ ಕ್ಲೋಕಿ ಮತ್ತು ರೂತ್ ಕ್ಲೋಕಿ ದಂಪತಿ. ಹಸಿರು ಮಣ್ಣಿನ ಗೊಂಬೆ ಗಂಬಿಯನ್ನು ಮಾಡಿದವರೂ ಇದೇ ಆರ್ಟ್ ಕ್ಲೋಕಿ. ಅವರು ಪಾದ್ರಿಯಾಗಬೇಕೆಂದು ಹಾರ್ಟ್‌ಫರ್ಡ್‌ನ ಸೆಮಿನರಿ ಸೇರಿ, ಅದನ್ನು ನಡುವೆಯೇ ಬಿಟ್ಟು ಸಿನಿಮಾ ಕಲಿಯಲು ಕ್ಯಾಲಿಫೋರ್ನಿಯಾಕ್ಕೆ ಹೋದವರು. ಪಾದ್ರಿಯಾಗಿ ಹೇಳಬೇಕೆಂದಿದ್ದ ಮಾತನ್ನು ಇಲ್ಲಿ ಗೊಂಬೆಗಳ ಬಾಯಲ್ಲಿ ಹೇಳಿಸಿದರು ಎಂದುಕೊಂಡರೆ ತಪ್ಪಾಗದು.

1960ರ ದಶಕದ ಮೊದಲ ವರ್ಷಗಳಲ್ಲಿ ಶುರುವಾಗಿ 1970ರ ದಶಕದ ನಡುವಿನವರೆಗೆ ಕಂತುಗಳು ತಯಾರಾದವು. ಹೆಚ್ಚಿನವು 15 ನಿಮಿಷದ್ದು. ಕ್ರಿಸ್ಮಸ್, ಈಸ್ಟರ್, ಹೊಸ ವರ್ಷಕ್ಕೆಂದು ಅರ್ಧ ಗಂಟೆಯ ವಿಶೇಷ ಕಂತುಗಳೂ ಇವೆ. ಎಷ್ಟೋ ವರ್ಷಗಳ ನಂತರ, 2004ರಲ್ಲಿ, ಒಂದು ಹೊಸ ಕ್ರಿಸ್ಮಸ್ ಕಂತು ಬಂತು.

ನಾಯಿಗೆ ಗೋಲಿಯಾತ್ ಅಂತ ಯಾಕೆ ಹೆಸರು? ಅವನು ಶತ್ರು ಅಲ್ಲವಾ?

ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದೇ. ಕನ್ನಡ ಸತ್ಯವೇದದಲ್ಲಿ ಓದುವ ಗೊಲ್ಯಾತನೇ ಈ ಗೋಲಿಯಾತ್, ದಾವೀದನೇ ಡೇವಿ. ಹುಡುಗ ಚಿಕ್ಕವನು, ನಾಯಿ ದೊಡ್ಡದು, ಅದಕ್ಕೆ ಆ ಹೆಸರು. 1 ಸಮುವೇಲ 17ನೆಯ ಅಧ್ಯಾಯವನ್ನು ಹಿಂದಿನ ಭಾನುವಾರ ಹೇಳಿಕೊಟ್ಟಿದ್ದರೆ ಈ ಪ್ರಶ್ನೆಗೆ ಮಕ್ಕಳೇ ಉತ್ತರ ಕಂಡುಕೊಳ್ಳುತ್ತಾರೆ.

ಇದು ಗೊಂಬೆಯಾಟವಾ, ಕಾರ್ಟೂನಾ?

ಗೊಂಬೆಗಳು ನಿಜವಾದವು, ಆಟ ಮಾತ್ರ ಕ್ಯಾಮೆರಾದ್ದು. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳ ಹಾಗೆ ಸೂತ್ರ ಹಿಡಿದು ಆಡಿಸಿದ್ದಲ್ಲ, ಕೈಗವಸಿನ ಹಾಗೆ ಒಳಗೆ ಕೈ ಹಾಕಿ ಆಡಿಸಿದ್ದೂ ಅಲ್ಲ. ಗೊಂಬೆಯನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯುವುದು, ಕೈಯನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು ಚಿತ್ರ, ಮತ್ತೆ ಸರಿಸಿ ಮತ್ತೊಂದು. ಇದನ್ನೇ ಸ್ಟಾಪ್ ಮೋಷನ್ ಅನ್ನುವುದು.

ಲೆಕ್ಕ ಹಾಕಿದರೆ ಕೆಲಸದ ಭಾರ ತಿಳಿಯುತ್ತದೆ. ಸಿನಿಮಾ ರೀಲಿನಲ್ಲಿ ಸೆಕೆಂಡಿಗೆ 24 ಫ್ರೇಮ್. 15 ನಿಮಿಷ ಎಂದರೆ 900 ಸೆಕೆಂಡ್, ಅಂದರೆ 21,600 ಫ್ರೇಮ್. ಒಂದು ಭಂಗಿಗೆ ಎರಡೆರಡು ಫ್ರೇಮ್ ಎಂದಿಟ್ಟುಕೊಂಡರೂ 10,800 ಸಲ ಗೊಂಬೆ ಮುಟ್ಟಿ ಸರಿಸಬೇಕು. ಡೇವಿ ಬಾಗಿಲು ತೆಗೆದು ಒಳಗೆ ಬರುವಾಗ ಆ ಹೆಜ್ಜೆಗಳನ್ನು ನೋಡಿ. ಒಂದೊಂದು ಹೆಜ್ಜೆಯ ಹಿಂದೆಯೂ ಯಾರೋ ಬಗ್ಗಿ, ಉಸಿರು ಹಿಡಿದು, ಬೆರಳ ತುದಿಯಲ್ಲಿ ಸರಿಸಿದ ಹಲವು ಭಂಗಿಗಳಿವೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿದರೆ ಅವರು ನೋಡುವ ಕಣ್ಣೇ ಬದಲಾಗುತ್ತದೆ.

ದನಿ ಯಾರದು? ಶುರುವಿನಲ್ಲಿ ಬರುವ ರಾಗ ಎಲ್ಲೋ ಕೇಳಿದ ಹಾಗಿದೆಯಲ್ಲ?

ಗೋಲಿಯಾತ್‌ಗೂ ಡೇವಿಯ ಅಪ್ಪನಿಗೂ ಒಬ್ಬರದೇ ದನಿ, ನಟ ಹಾಲ್ ಸ್ಮಿತ್ ಅವರದು. ಡೇವಿಗೆ ಮೊದಲು ಡಿಕ್ ಬೀಲ್ಸ್, ಆಮೇಲೆ ನಾರ್ಮಾ ಮ್ಯಾಕ್‌ಮಿಲನ್ ದನಿ ಕೊಟ್ಟರು. ಶುರುವಿನ ರಾಗ ಮಾರ್ಟಿನ್ ಲೂಥರ್ 46ನೆಯ ಕೀರ್ತನೆಯನ್ನು ಆಧರಿಸಿ ಬರೆದ ಪ್ರಸಿದ್ಧ ಗೀತೆಯದು. ದೇವರು ನಮಗೆ ದುರ್ಗ ಎನ್ನುವ ಹಾಡು. ಆರಾಧನೆಯಲ್ಲಿ ಹಳೆಯ ಜರ್ಮನ್ ರಾಗಗಳನ್ನು ಹಾಡುವ ಸಭೆಗಳ ಹಿರಿಯರಿಗೆ ಎರಡನೆಯ ಸಾಲಿಗೇ ಗುರುತು ಹತ್ತುತ್ತದೆ.

ನಾಯಿ ಮಾತಾಡುವುದು ಡೇವಿಗೊಬ್ಬನಿಗೇ ಕೇಳಿಸುತ್ತದೆ. ಗೋಲಿಯಾತ್ ಅಂದರೆ ದೇವರ ದನಿಯಾ?

ಅಲ್ಲ. ಹಾಗೆಂದು ಮಕ್ಕಳಿಗೆ ಹೇಳಲೂ ಬಾರದು.

ಗೋಲಿಯಾತ್ ಎಲ್ಲ ತಿಳಿದವನಲ್ಲ. ಅವನೂ ಹೆದರುತ್ತಾನೆ, ಹಸಿವು ಅನ್ನುತ್ತಾನೆ, ಎಷ್ಟೋ ಸಲ ಡೇವಿಯ ಜೊತೆಗೇ ಹಳ್ಳಕ್ಕೆ ಬೀಳುತ್ತಾನೆ. ಅವನು ಮಾಡುವುದು ಒಂದೇ ಕೆಲಸ: ಡೇವಿ ಏನಾದರೂ ಮಾಡಲು ಹೊರಟಾಗ ‘ನನಗ್ಯಾಕೋ ಸರಿ ಕಾಣ್ತಿಲ್ಲ, ಡೇವಿ’ ಎಂಬ ಧಾಟಿಯಲ್ಲಿ ತಡೆದು ಕೇಳುವುದು. ಅದು ನಮ್ಮೊಳಗಿನ ಅಳುಕು. ಮನಸ್ಸಾಕ್ಷಿ ಎಂಬ ಮಾತು ಆರು ವರ್ಷದ ಮಗುವಿಗೆ ಅರ್ಥವಾಗುವುದಿಲ್ಲ, ಬಾಲ ಮುದುರಿಕೊಂಡು ನಿಂತ ನಾಯಿ ಅರ್ಥವಾಗುತ್ತದೆ. ಡೇವಿ ಅವನ ಮಾತು ಕೇಳದೆಯೂ ಹೋಗಬಹುದು, ಹೋಗುತ್ತಾನೆ ಕೂಡ. ದೇವರ ದನಿ ಎಂದು ಹೇಳಿಬಿಟ್ಟರೆ ನಾಯಿ ಹೆದರಿ ಓಡುವ ದೃಶ್ಯದಲ್ಲಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಕಂತಿನಲ್ಲಿ ಬೋಧನೆ ಎಲ್ಲಿ ಬರುತ್ತದೆ? ತುಂಬ ಕಡಿಮೆ ಅನ್ನಿಸುತ್ತದೆ.

ಕಡಿಮೆ ಇರುವುದೇ ಈ ಕಾರ್ಯಕ್ರಮದ ಬಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗಡಿಯಾರ ಹಿಡಿದು ಯಾವುದಾದರೂ ಕಂತು ನೋಡಿ. ಮೊದಲ ಎರಡು ಮೂರು ನಿಮಿಷ ಆಟ, ತರಲೆ. ಆಮೇಲೆ ಡೇವಿ ಒಂದು ತಪ್ಪು ನಿರ್ಧಾರ ಮಾಡುತ್ತಾನೆ: ಹೇಳಿದ ಮಾತು ಮೀರುತ್ತಾನೆ, ಒಬ್ಬನನ್ನು ಹೊರಗಿಡುತ್ತಾನೆ, ಆದದ್ದನ್ನು ಮುಚ್ಚಿಡುತ್ತಾನೆ. ಅಲ್ಲಿಂದ ಮುಂದಿನ ಹೆಚ್ಚಿನ ಸಮಯವೆಲ್ಲ ಆ ನಿರ್ಧಾರದ ಫಲ. ತಪ್ಪು ದೊಡ್ಡದಾಗುತ್ತಾ ಹೋಗುತ್ತದೆ, ಹುಡುಗ ಒಬ್ಬಂಟಿಯಾಗುತ್ತಾನೆ. ದೇವರ ಮಾತು ಬರುವುದು ಬಹುತೇಕ ಕೊನೆಯಲ್ಲಿ, ಅಪ್ಪನೋ ಅಮ್ಮನೋ ಪಾಸ್ಟರ್ ಮಿಲ್ಲರೋ ಆಡುವ ನಾಲ್ಕಾರು ವಾಕ್ಯಗಳಲ್ಲಿ. ಅಷ್ಟು ಹೊತ್ತಿಗೆ ಆ ಮಾತು ಬೇಕು ಎಂದು ಡೇವಿಗೂ ಅನ್ನಿಸಿರುತ್ತದೆ, ನೋಡುವ ಮಗುವಿಗೂ ಅನ್ನಿಸಿರುತ್ತದೆ. ಬಾಯಾರಿದ ಮೇಲೆ ಕೊಟ್ಟ ನೀರು ಅದು.

ನಮ್ಮ ತರಗತಿಗಳಲ್ಲಿ ಕೆಡುವುದು ಇಲ್ಲೇ. ಕಂತು ಹಾಕುವ ಮೊದಲೇ ‘ಇವತ್ತಿನ ಪಾಠ: ಸುಳ್ಳು ಹೇಳಬಾರದು’ ಎಂದು ಬೋರ್ಡಿನ ಮೇಲೆ ಬರೆದುಬಿಡುತ್ತೇವೆ. ಉತ್ತರ ಗೊತ್ತಾದ ಮೇಲೆ ಕಥೆ ನೋಡುವುದಕ್ಕೆ ಏನುಳಿಯಿತು? ಪಾಠದ ಹೆಸರನ್ನೂ ಕಂಠಪಾಠ ವಾಕ್ಯವನ್ನೂ ಕಂತು ಮುಗಿದ ಮೇಲೆ ಬರೆಯಿರಿ. ಸಾಧ್ಯವಾದರೆ ಪಾಠದ ಹೆಸರನ್ನು ಮಕ್ಕಳ ಬಾಯಿಂದಲೇ ಹೇಳಿಸಿ.

ಎಷ್ಟು ವಯಸ್ಸಿನ ಮಕ್ಕಳಿಗೆ ಹೊಂದುತ್ತದೆ?

5ರಿಂದ 10. ಇನ್ನೂ ಚಿಕ್ಕವರು ನಾಯಿಯನ್ನು ನೋಡಿ ನಗುತ್ತಾರೆ, ಕಥೆ ಹಿಡಿಯುವುದಿಲ್ಲ. ದೊಡ್ಡ ಮಕ್ಕಳಿಗೆ ಕಥೆಗಿಂತ ಗೊಂಬೆ ಮಾಡುವ ಕೆಲಸ ಕೊಡಿ, ಅದರ ವಿವರ ಕೆಳಗಿದೆ.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಹೇಗೆ ತೋರಿಸುವುದು?

ಪ್ರತಿ ವಾಕ್ಯಕ್ಕೂ ಅನುವಾದ ಹೇಳುತ್ತ ಹೋಗಬೇಡಿ. ಗೊಂಬೆಯ ಮಾತಿನ ಮೇಲೆ ನಿಮ್ಮ ಮಾತು ಬಿದ್ದು ಎರಡೂ ಕೇಳಿಸದೆ ಹೋಗುತ್ತದೆ. ಹೀಗೆ ಮಾಡಿದರೆ ನಡೆಯುತ್ತದೆ.

ಹಿಂದಿನ ವಾರ ನೀವು ಕಂತನ್ನು ಮೂರು ಸಲ ನೋಡಿ. ಮೊದಲ ಸಲ ಸುಮ್ಮನೆ ನೋಡಿ. ಎರಡನೆಯ ಸಲ, ಕಥೆ ತಿರುಗುವ ಜಾಗಗಳ ನಿಮಿಷ, ಸೆಕೆಂಡ್ ಬರೆದಿಟ್ಟುಕೊಳ್ಳಿ. ಇಂಥ ಜಾಗ ಮೂರು ಸಿಗುತ್ತವೆ: ತಪ್ಪು ಮಾಡುವ ಗಳಿಗೆ, ಸಿಕ್ಕಿಬೀಳುವ ಅಥವಾ ಒಂಟಿಯಾಗುವ ಗಳಿಗೆ, ದೊಡ್ಡವರ ಮಾತಿನ ಗಳಿಗೆ. ಮೂರನೆಯ ಸಲ, ಆ ಮೂರು ಜಾಗಕ್ಕೂ ಸೇರಿ 12ರಿಂದ 15 ಸಾಲು ಕನ್ನಡ ಬರೆಯಿರಿ. ಪುಸ್ತಕದ ಕನ್ನಡ ಬೇಡ, ನಿಮ್ಮೂರಿನ ಮಕ್ಕಳು ಆಡುವ ಮಾತೇ ಇರಲಿ.

ತರಗತಿಯಲ್ಲಿ ಮೊದಲು ಎರಡು ಮೂರು ನಿಮಿಷ ಕಥೆ ಶುರು ಮಾಡಿಕೊಡಿ: ಯಾರು ಯಾರು, ಎಲ್ಲಿದ್ದಾರೆ, ಡೇವಿಗೆ ಇವತ್ತು ಏನು ಬೇಕಾಗಿದೆ. ಕೊನೆ ಹೇಳಬೇಡಿ. ಆ ಮೂರು ಜಾಗದಲ್ಲಿ ನಿಲ್ಲಿಸಿ, ಬರೆದಿಟ್ಟ ಸಾಲು ಓದಿ, ಮುಂದೆ ಬಿಡಿ. ಡೇವಿಯ ಸಾಲುಗಳನ್ನು ಒಬ್ಬ ಹುಡುಗ, ಗೋಲಿಯಾತ್‌ನ ಸಾಲುಗಳನ್ನು ದಪ್ಪ ದನಿಯ ಇನ್ನೊಬ್ಬರು ಓದಿದರೆ ಮಕ್ಕಳ ಗಮನ ಅಲ್ಲಾಡುವುದಿಲ್ಲ. ಮೂರಕ್ಕಿಂತ ಹೆಚ್ಚು ಸಲ ನಿಲ್ಲಿಸಿದರೆ ಕಥೆಯ ಓಟ ಹೋಗುತ್ತದೆ.

45 ನಿಮಿಷದ ತರಗತಿಯಲ್ಲಿ ಹಿಡಿಸುತ್ತದಾ?

ಹಿಡಿಸುತ್ತದೆ, ಆದರೆ ನಿಲ್ಲಿಸಿ ಓದುವುದೂ ಸೇರಿ 15 ನಿಮಿಷದ ಕಂತಿಗೆ 20 ನಿಮಿಷ ಇಟ್ಟುಕೊಳ್ಳಿ. ಹಾಡು, ಪ್ರಾರ್ಥನೆಗೆ 7, ಕಥೆ ಶುರು ಮಾಡಲು 3, ಕಂತಿಗೆ 20, ಮಾತುಕತೆಗೆ 10, ವಾಕ್ಯಕ್ಕೆ 5.

ಸಮಯ ಸೋರುವುದು ತಂತಿ ಜೋಡಿಸುವುದರಲ್ಲಿ. ಪ್ರೊಜೆಕ್ಟರ್, ಕೇಬಲ್, ಸ್ಪೀಕರ್ ಮೂರನ್ನೂ ಶನಿವಾರವೇ ಅದೇ ಕೋಣೆಯಲ್ಲಿ, ಅದೇ ಪ್ಲಗ್ಗಿನಲ್ಲಿ ಹಾಕಿ ನೋಡಿ. ನೆಟ್ ನೆಚ್ಚಿಕೊಳ್ಳಬೇಡಿ. ಪ್ರೊಜೆಕ್ಟರ್ ಒಳಗಿನ ಸ್ಪೀಕರ್ ಮಕ್ಕಳ ಹಿಂದೆಯೋ ಪಕ್ಕದಲ್ಲೋ ಇರುತ್ತದೆ, ದನಿ ಪರದೆಯಿಂದ ಬಂದ ಹಾಗಾಗುವುದಿಲ್ಲ, ಚಿಕ್ಕವರು ತಿರುಗಿ ತಿರುಗಿ ನೋಡುತ್ತಾರೆ. ಬೇರೆ ಸ್ಪೀಕರನ್ನು ಪರದೆಯ ಕೆಳಗೇ ಇಡಿ. ಫ್ಯಾನಿನ ಸದ್ದು ಹಳೆಯ ಧ್ವನಿಮುದ್ರಣವನ್ನು ನುಂಗುತ್ತದೆ. ಸ್ಪೀಕರಿನಲ್ಲಿ ಬಾಸ್ ಇಳಿಸಿದರೆ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ.

ಈಸ್ಟರ್ ಕಂತಿನಲ್ಲಿ ಅಜ್ಜಿ ತೀರಿಹೋಗುತ್ತಾರಂತೆ. ಚಿಕ್ಕ ಮಕ್ಕಳಿಗೆ ತೋರಿಸಬಹುದಾ?

ತೋರಿಸಬಹುದು, ತೋರಿಸಬೇಕು ಎಂದೇ ನಮ್ಮ ಅಭಿಪ್ರಾಯ. ಸಿದ್ಧತೆ ಇಲ್ಲದೆ ಮಾತ್ರ ಬೇಡ.

ಡೇವಿ ಅಜ್ಜಿಯ ಜೊತೆ ನಗುನಗುತ್ತ ಆಡಿದ ಸ್ವಲ್ಪ ಹೊತ್ತಿನಲ್ಲೇ ಆಕೆ ಇಲ್ಲವಾಗುತ್ತಾರೆ. ಸಾವನ್ನು ಮುಚ್ಚಿಟ್ಟಿಲ್ಲ, ನಿದ್ದೆ ಎಂದಿಲ್ಲ. ಹುಡುಗನ ದುಃಖಕ್ಕೆ ಸಮಯ ಕೊಟ್ಟಿದ್ದಾರೆ. ಆಮೇಲೆ ಈಸ್ಟರ್ ನಾಟಕದ ತಾಲೀಮು ನೋಡುತ್ತ ಅವನಿಗೆ ಪುನರುತ್ಥಾನದ ಅರ್ಥ ನಿಧಾನವಾಗಿ ತಾಗುತ್ತದೆ. ಮಕ್ಕಳ ಕಾರ್ಯಕ್ರಮವೊಂದು ಮಗುವನ್ನು ಇಷ್ಟು ಗೌರವದಿಂದ ಕಾಣುವುದು ಅಪರೂಪ.

ಒಂದು ವಾರ ಮೊದಲೇ ತಂದೆತಾಯಿಗೆ ಹೇಳಿ. ಇತ್ತೀಚೆಗೆ ಮನೆಯಲ್ಲಿ ಸಾವಾಗಿರುವ ಮಗು ಇದ್ದರೆ ಕೂರಿಸಬೇಕೋ ಬೇಡವೋ ಅವರೇ ತೀರ್ಮಾನಿಸಲಿ. ಕೂರಿಸಿದರೆ ಆ ಮಗುವಿನ ಪಕ್ಕದಲ್ಲಿ ಅದಕ್ಕೆ ಸಲಿಗೆಯ ಟೀಚರ್ ಒಬ್ಬರು ಇರಲಿ, ಅತ್ತರೆ ಹೊರಗೆ ಕರೆದುಕೊಂಡು ಹೋಗಲಿ. ಮುಗಿದ ಕೂಡಲೇ ದೀಪ ಹಾಕಿ ಪ್ರಶ್ನೆ ಕೇಳಬೇಡಿ, ಒಂದು ಹಾಡು ಹಾಡಿ.

ಮಾತುಕತೆಯಲ್ಲಿ ಎರಡು ಮಾತು ಬೇಡವೇ ಬೇಡ. ‘ಅಜ್ಜಿ ಮಲಗಿದ್ದಾರೆ’ ಎಂದರೆ ರಾತ್ರಿ ನಿದ್ದೆಗೆ ಹೋಗಲು ಮಗು ಹೆದರುತ್ತದೆ. ‘ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ’ ಎಂದರೆ ಒಳ್ಳೆಯವನಾಗಲಿಕ್ಕೇ ಹೆದರುತ್ತದೆ. ಅಜ್ಜಿ ತೀರಿಹೋದರು, ನಮಗೆ ದುಃಖವಾಗಿದೆ, ಯೇಸು ಸ್ವಾಮಿ ಎದ್ದು ಬಂದದ್ದರಿಂದ ನಮಗೆ ನಿರೀಕ್ಷೆ ಇದೆ. ಇಷ್ಟನ್ನು ಇಷ್ಟೇ ಸರಳವಾಗಿ ಹೇಳಿ.

ಅರವತ್ತು ವರ್ಷ ಹಳೆಯದು. ಈಗಿನ ಮಕ್ಕಳಿಗೆ ಹೊಂದದ ಸಂಗತಿಗಳಿವೆಯಾ?

ಇವೆ. ಅಮ್ಮ ಹೆಚ್ಚಾಗಿ ಮನೆಗೆಲಸದಲ್ಲಿ, ಅಪ್ಪ ಹೆಚ್ಚಾಗಿ ಬುದ್ಧಿ ಹೇಳುವುದರಲ್ಲಿ. ಮಕ್ಕಳು ದೊಡ್ಡವರಿಲ್ಲದೆ ಗುಹೆ, ಕಾಡು, ರೈಲು ಹಳಿ ಕಡೆ ಅಲೆಯುತ್ತಾರೆ. ಅದನ್ನು ಗಮನಿಸಿ ಒಂದು ಮಾತು ಹೇಳಿ.

ಇನ್ನೊಂದು ಕಡೆ, ಆ ಕಾಲಕ್ಕಿಂತ ಮುಂದೆ ಹೋದದ್ದೂ ಇದೆ. ಡೇವಿಯ ಆಪ್ತ ಗೆಳೆಯ ಜೊನಾಥನ್ ಕಪ್ಪು ಹುಡುಗ. ಅಮೆರಿಕದಲ್ಲಿ ಕಪ್ಪು ಜನರ ಹಕ್ಕುಗಳ ಹೋರಾಟ ಇನ್ನೂ ಹಸಿಯಾಗಿದ್ದ ಆ ವರ್ಷಗಳಲ್ಲಿ ಈ ಇಬ್ಬರು ಹುಡುಗರು ಟಿವಿಯಲ್ಲಿ ಸುಮ್ಮನೆ ಜೊತೆಗೆ ಆಡುತ್ತಿದ್ದರು, ಅದಕ್ಕೆ ವಿವರಣೆಯನ್ನೂ ಕೊಡುತ್ತಿರಲಿಲ್ಲ. ನಮ್ಮಲ್ಲಿ ಯಾರ ಮನೆಯಲ್ಲಿ ನೀರು ಕುಡಿಯಬಾರದು ಎಂಬ ಮಾತು ಕೇಳಿ ಬೆಳೆದ ಮಕ್ಕಳಿಗೆ ಇದನ್ನು ತೋರಿಸಿ ಮಾತಾಡುವುದಕ್ಕೆ ಬಹಳ ಇದೆ.

ತರಗತಿಯಲ್ಲಿ ಬೇರೆ ಧರ್ಮದ ಮಕ್ಕಳೂ ಇದ್ದಾರೆ.

ವಿಬಿಎಸ್‌ಗೆ (ರಜೆಯಲ್ಲಿ ನಡೆಸುವ ಬೈಬಲ್ ಶಾಲೆಗೆ) ಓಣಿಯ ಮಕ್ಕಳೆಲ್ಲ ಬರುವುದು ಸಾಮಾನ್ಯ. ಕಾರ್ಯಕ್ರಮ ಕ್ರೈಸ್ತರದು, ಅದರಲ್ಲಿ ಪ್ರಾರ್ಥನೆ, ಚರ್ಚು ಬರುತ್ತವೆ ಎಂದು ಅವರ ಮನೆಯವರಿಗೆ ಮೊದಲೇ ನೇರವಾಗಿ ತಿಳಿಸಿ. ಬೇಡ ಅಂದವರ ಮೇಲೆ ಒತ್ತಾಯ ಬೇಡ. 2004ರ ಕ್ರಿಸ್ಮಸ್ ಕಂತಿನಲ್ಲಿ ಡೇವಿಗೆ ಯಹೂದಿ ಹುಡುಗ ಸ್ಯಾಮ್, ಮುಸ್ಲಿಂ ಹುಡುಗಿ ಯಾಸ್ಮೀನ್ ಗೆಳೆಯರಾಗುತ್ತಾರೆ, ಒಬ್ಬರ ಹಬ್ಬವನ್ನು ಇನ್ನೊಬ್ಬರು ಕೇಳಿ ತಿಳಿಯುತ್ತಾರೆ. ಇಂಥ ತರಗತಿಗೆ ಅದೇ ಒಳ್ಳೆಯ ಆರಂಭ.

ಕನ್ನಡಕ್ಕೆ ಡಬ್ ಮಾಡಿ ಯೂಟ್ಯೂಬ್‌ಗೆ ಹಾಕಬಹುದಾ?

ಅನುಮತಿ ಇಲ್ಲದೆ ಬೇಡ. ಹಕ್ಕು ಅದನ್ನು ಮಾಡಿಸಿದ ಸಭೆಯದು. ಸುಳ್ಳು, ಕಳವಿನ ಪಾಠ ಹೇಳುವ ಕಂತನ್ನೇ ಕದ್ದು ಹಾಕುವುದು ಮಕ್ಕಳ ಮುಂದೆ ಸರಿಯಲ್ಲ. ಅನುಮತಿ ಕೇಳುವಾಗ ಕಂತಿನ ಹೆಸರು, ಎಷ್ಟು ಮಕ್ಕಳಿಗೆ, ಎಲ್ಲಿ, ಹಣ ಪಡೆಯುತ್ತೀರಾ ಇಲ್ಲವಾ, ನೆಟ್‌ಗೆ ಹಾಕುತ್ತೀರಾ ಇಲ್ಲವಾ ಎಂಬುದನ್ನೆಲ್ಲ ಒಂದೇ ಪತ್ರದಲ್ಲಿ ಬರೆಯಿರಿ. ಅದಕ್ಕಿಂತ ಒಳ್ಳೆಯದು, ಇದೇ ವಿಧಾನದಲ್ಲಿ ನಿಮ್ಮದೇ ಕಥೆ ಮಾಡುವುದು.

ಐದು ದಿನದ ವಿಬಿಎಸ್‌ನಲ್ಲಿ ಮಕ್ಕಳಿಂದಲೇ ಇಂಥದ್ದು ಮಾಡಿಸಬಹುದಾ?

30 ಸೆಕೆಂಡಿನದು ಮಾಡಿಸಬಹುದು. ಒಂದು ನಿಮಿಷಕ್ಕೆ ಕೈ ಹಾಕಬೇಡಿ. ಫೋನಿನಲ್ಲಿ ಸೆಕೆಂಡಿಗೆ 12 ಚಿತ್ರ ಸಾಕು. 30 ಸೆಕೆಂಡಿಗೆ 360 ಚಿತ್ರ. ನಾಲ್ಕು ಮಕ್ಕಳ ಗುಂಪು ಕೈ ಕುದುರಿದ ಮೇಲೆ ಗಂಟೆಗೆ 80ರಿಂದ 100 ಚಿತ್ರ ತೆಗೆಯುತ್ತದೆ. ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೆ ಮೊದಲ ದಿನ ಕಥೆ ಮತ್ತು ದನಿ, ಎರಡನೆಯ ದಿನ ಗೊಂಬೆ, ಉಳಿದ ಮೂರು ದಿನ ದಿನಕ್ಕೆ 120 ಚಿತ್ರ.

ಒಂದು ಕಥೆ ಹೀಗಿರಬಹುದು. ಪುಟ್ಟು ಒಳಗೆ ಚೆಂಡು ಆಡಿ ಉಪ್ಪಿನಕಾಯಿ ಭರಣಿ ಒಡೆಯುತ್ತಾನೆ. ಒಡೆಯುವುದನ್ನು ತೋರಿಸಬೇಡಿ, ಸದ್ದು ಕೇಳಿಸಿ ಖಾಲಿ ಗೂಡು ತೋರಿಸಿದರೆ ಸಾಕು, ನೂರು ಚಿತ್ರ ಉಳಿಯುತ್ತದೆ. ಇದಕ್ಕೆ 3 ಸೆಕೆಂಡ್. ಮಂಚದ ಕೆಳಗೆ ಪುಟ್ಟು, ಪಕ್ಕದಲ್ಲಿ ನಾಯಿ ಕರಿಯ. ‘ಬಾಲ ಇರೋದು ನಂಗೆ. ಮುದುರ್ಕೊಂಡು ಕೂತಿರೋದು ನೀನು’ ಅನ್ನುತ್ತದೆ ಕರಿಯ. 12 ಸೆಕೆಂಡ್. ಪುಟ್ಟು ಹೊರಗೆ ಬರುತ್ತಾನೆ, ಬಾಗಿಲಲ್ಲಿ ಅಮ್ಮ. ‘ಅಮ್ಮಾ, ನಾನೇ ಒಡೆದಿದ್ದು.’ 10 ಸೆಕೆಂಡ್. ಅಮ್ಮ ಬಗ್ಗಿ ಅವನ ಪಾದ ನೋಡುತ್ತಾಳೆ. ‘ಕಾಲಿಗೆ ಚೂರು ಚುಚ್ಚಿತಾ ಮಗಾ?’ 5 ಸೆಕೆಂಡ್. ಮುಗಿಯಿತು. ಇದರ ಮೇಲೆ ಅಮ್ಮನ ಬಾಯಿಂದ ಒಂದು ಬುದ್ಧಿಮಾತು ಹಾಕಿಸಬೇಕು ಎಂದು ದೊಡ್ಡವರಿಗೆ ಆಸೆಯಾಗುತ್ತದೆ. ಹಾಕಿಸಬೇಡಿ. ಎಫೆಸದವರಿಗೆ 4:25 ಅನ್ನು ತರಗತಿಯಲ್ಲಿ ಓದಿಸಿ.

ಗೊಂಬೆಗೆ ಏನೇನು ಬೇಕು?

18 ಸೆಂ.ಮೀ. ಎತ್ತರದ ಒಂದು ಗೊಂಬೆಗೆ: 1.5 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಂತಿ ಒಂದೂವರೆ ಮೀಟರ್, ಎಂ-ಸೀಲ್ ಒಂದು ಚಿಕ್ಕ ಪ್ಯಾಕೆಟ್, ನಾಲ್ಕೂವರೆ ಸೆಂ.ಮೀ.ನ ಥರ್ಮೋಕೋಲ್ ಚೆಂಡು, ಸ್ವಲ್ಪ ಸ್ಪಂಜು, ಪೇಪರ್ ಟೇಪ್, ಬಟ್ಟೆ ಚೂರು, ಎಣ್ಣೆ ಅಂಶದ ಮಕ್ಕಳ ಕ್ಲೇ.

ತಂತಿಯನ್ನು ಎರಡೆಳೆ ಮಾಡಿ ಹುರಿ ಹಾಕಿ ಎಲುಬು ಮಾಡಿ. ಎದೆ, ಸೊಂಟ, ಪಾದ, ಈ ಮೂರು ಕಡೆ ಎಂ-ಸೀಲ್ ಮೆತ್ತಿದರೆ ಅಲ್ಲಿ ಬಾಗುವುದಿಲ್ಲ, ಬಾಗಬೇಕಾದ ಕಡೆ ಮಾತ್ರ ಬಾಗುತ್ತದೆ. ಕಟ್ಟಡದವರ ಬೈಂಡಿಂಗ್ ವೈರ್ ಬಳಸಬೇಡಿ. ಅಲ್ಯೂಮಿನಿಯಂ ಕೂಡ ಒಂದೇ ಜಾಗದಲ್ಲಿ ನೂರಾರು ಸಲ ಬಾಗಿದರೆ ಮೊಣಕೈಯಲ್ಲಿ ಮುರಿಯುತ್ತದೆ. ಅದಕ್ಕೇ ಒಂದು ಜೊತೆ ಕೈ ಹೆಚ್ಚಿಗೆ ಮಾಡಿಡಿ.

ತಲೆಯನ್ನು ಪೂರ್ತಿ ಕ್ಲೇಯಿಂದ ಮಾಡಿದರೆ ಭಾರಕ್ಕೆ ಗೊಂಬೆ ನಿಧಾನವಾಗಿ ಮುಂದಕ್ಕೆ ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಿಡಿಯೋದಲ್ಲಿ ತೂಕಡಿಸಿದ ಹಾಗೆ ಕಾಣುತ್ತದೆ. ಥರ್ಮೋಕೋಲ್ ಚೆಂಡಿಗೆ ಪೇಪರ್ ಟೇಪ್ ಸುತ್ತಿ ಮೇಲೆ 3 ಮಿ.ಮೀ. ಕ್ಲೇ ಸಾಕು. ಅಂಟಿಗೆ ಫೆವಿಕಾಲ್ ಬಳಸಿ, ಚಪ್ಪಲಿ ಅಂಟಿಸುವ ಗಮ್ ಥರ್ಮೋಕೋಲನ್ನು ಕರಗಿಸುತ್ತದೆ. ಕಣ್ಣಿಗೆ ಗುಂಡು ತಲೆಯ ಗುಂಡುಪಿನ್ನು.

ಗೊಂಬೆ ಬೀಳುವುದೇ ದೊಡ್ಡ ತಾಪತ್ರಯ. ನೆಲಕ್ಕೆ ದಪ್ಪ ಥರ್ಮೋಕೋಲ್ ಹಾಳೆ ಹಾಕಿ ಮೇಲೆ ಬಣ್ಣದ ಕಾಗದ ಅಂಟಿಸಿ, ಪಾದಕ್ಕೆ ಮೇಲಿನಿಂದ ಪಿನ್ ಚುಚ್ಚಿ ನಿಲ್ಲಿಸಿ. ಪಿನ್ ತಲೆಗೆ ಚಪ್ಪಲಿಯ ಬಣ್ಣದ ಕ್ಲೇ ಮೆತ್ತಿದರೆ ಕಾಣುವುದಿಲ್ಲ.

ತುಟಿ ಮಾತಿಗೆ ಕೂಡುವುದೇ ಇಲ್ಲ. ಏನು ಮಾಡಬೇಕು?

ದನಿ ಮೊದಲು, ಚಿತ್ರ ಆಮೇಲೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಐದು ಬಾಯಿ ಮಾಡಿಕೊಳ್ಳಿ: ಮುಚ್ಚಿದ್ದು ಮ, ಪ, ಬ ಅಕ್ಷರಗಳಿಗೆ, ಅಗಲ ತೆರೆದದ್ದು ಅ, ಆ ಸ್ವರಗಳಿಗೆ, ಅಡ್ಡ ಎಳೆದದ್ದು ಇ, ಎ ಸ್ವರಗಳಿಗೆ, ದುಂಡಗಿನದು ಉ, ಒ ಸ್ವರಗಳಿಗೆ, ಸ್ವಲ್ಪ ತೆರೆದದ್ದು ಉಳಿದವಕ್ಕೆ. ಕ್ಲೇ ಮುಖಕ್ಕೆ ತೆಳು ಕ್ಲೇ ಬಾಯಿ ತಾನೇ ಅಂಟುತ್ತದೆ, ಎತ್ತಲು ಸೂಜಿ ಸಾಕು. ನಾಯಿಗೆ ಇಷ್ಟು ಬೇಡ, ದವಡೆ ಮೇಲೆ ಕೆಳಗೆ ಆದರೆ ನಡೆಯುತ್ತದೆ.

ಪುಟ್ಟುವಿನ ಸಾಲನ್ನು ಬಿಡಿಸಿದರೆ ಹೀಗೆ. ‘ಅ’ 2 ಚಿತ್ರ, ‘ಮ್ಮ್’ ಮುಚ್ಚಿದ ಬಾಯಿ 3, ‘ಆ’ 4, ತಡವರಿಕೆಗೆ ಮುಚ್ಚಿದ ಬಾಯಿ 4, ‘ನಾ’ 3, ‘ನೇ’ 3, ‘ಒ’ 2, ‘ಡೆ’ 2, ‘ದಿ’ 2, ‘ದ್ದು’ 3, ಕೊನೆಗೆ ಮುಚ್ಚಿದ ಬಾಯಿ 2. ಒಟ್ಟು 30 ಚಿತ್ರ, ಎರಡೂವರೆ ಸೆಕೆಂಡ್. ಆ ಕೊನೆಯ ಎರಡು ಚಿತ್ರವನ್ನು ಮರೆಯಬೇಡಿ. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ, ಬಾಯಿ ತೆರೆದೇ ಉಳಿಯುತ್ತದೆ, ಮುಚ್ಚಿಸದಿದ್ದರೆ ಗೊಂಬೆ ಬೆರಗಾದಂತೆ ಕಾಣುತ್ತದೆ. ‘ಮ್ಮ’ ಕೂಡಿದರೆ ಸಾಕು, ಉಳಿದದ್ದು ಒಂದಿಷ್ಟು ಹೆಚ್ಚುಕಡಿಮೆಯಾದರೂ ನೋಡುವವರ ಕಣ್ಣು ಕ್ಷಮಿಸುತ್ತದೆ.

ವಿಡಿಯೋ ಮಿಣಮಿಣ ಅನ್ನುತ್ತದೆ, ಅಲುಗಾಡುತ್ತದೆ.

ಮಿಣಮಿಣಕ್ಕೆ ಕಾರಣ ಬೆಳಕು ಬದಲಾಗುವುದು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಮೋಡ ಬಂದು ಹೋದರೂ ಒಳಗೆ ಗೊತ್ತಾಗಬಾರದು. ಎರಡು ಎಲ್‌ಇಡಿ ಬಲ್ಬು, ಮುಂದೆ ಬಟರ್ ಪೇಪರ್. ಫೋನಿನಲ್ಲಿ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ, ಆಟೋದಲ್ಲಿ ಬಿಟ್ಟರೆ ಮಗುವಿನ ಕೈ ಅಡ್ಡ ಬಂದಾಗಲೆಲ್ಲ ಅದು ಹೊಸ ಲೆಕ್ಕ ಹಾಕುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರ್ ಅನ್ನು, ಅಂದರೆ ಒಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತನ್ನು, 1/50, 1/25 ಅಥವಾ 1/10 ಸೆಕೆಂಡಿಗೆ ಇಟ್ಟರೆ ಆ ಮಿಡಿತ ಚಿತ್ರದಲ್ಲಿ ಬೀಳುವುದಿಲ್ಲ. ಬಿಳಿ ಅಂಗಿ ಹಾಕಿದ ಮಗು ಹತ್ತಿರ ಬಂದರೆ ಗೊಂಬೆಯ ಕೆನ್ನೆ ಬೆಳಗುತ್ತದೆ, ಸರಿಸುವವರು ಗಾಢ ಬಣ್ಣ ಹಾಕಲಿ.

ಅಲುಗಾಟಕ್ಕೆ ಕಾರಣ ಬೆರಳು. ಪರದೆ ಮುಟ್ಟಿ ಚಿತ್ರ ತೆಗೆಯಬೇಡಿ. ಹಲವು ಫೋನುಗಳಲ್ಲಿ ತಂತಿಯ ಇಯರ್‌ಫೋನಿನ ವಾಲ್ಯೂಮ್ ಬಟನ್ ಒತ್ತಿದರೆ ಚಿತ್ರ ಬೀಳುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಚಾರ್ಜರ್ ತಂತಿಯನ್ನು ಶುರುವಿನಲ್ಲೇ ಚುಚ್ಚಿಡಿ, ನಡುವೆ ಚುಚ್ಚಿದರೆ ಫೋನು ಖಂಡಿತ ಸರಿಯುತ್ತದೆ. ಟ್ರೈಪಾಡ್ ಕಾಲುಗಳಿಗೂ ಮೇಜಿನ ಕಾಲುಗಳಿಗೂ ನೆಲದ ಮೇಲೆ ಟೇಪಿನ ಗುರುತು ಹಾಕಿ.

ಏಪ್ರಿಲ್, ಮೇ ಸೆಕೆಗೆ ಕ್ಲೇ ಬೆಣ್ಣೆಯಾಗುತ್ತದೆ, ಕರಾವಳಿಯಲ್ಲಂತೂ ಹೇಳಬೇಕಿಲ್ಲ. ಫ್ಯಾನ್ ಹಾಕಿದರೆ ಬಟ್ಟೆ, ಕೂದಲು ಅಲ್ಲಾಡುತ್ತವೆ. ಬೆಳಗಿನ ಹೊತ್ತು ಚಿತ್ರ ತೆಗೆಯಿರಿ, ತಲೆಗಳನ್ನು ಡಬ್ಬಿಯಲ್ಲಿ ಹಾಕಿ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದಾಗ ಮೇಲೆ ಹನಿ ಕೂರುತ್ತದೆ, ಒತ್ತದೆ ಒಣ ಬಟ್ಟೆಯಲ್ಲಿ ಒರೆಸಿ.

ಮುಗಿದ ಮೇಲೆ ಗೊಂಬೆಗಳನ್ನು ಮಕ್ಕಳಿಗೆ ಕೊಟ್ಟುಬಿಡಬಹುದಾ?

ಕೊನೆಯ ದಿನ ಎಲ್ಲರ ಮುಂದೆ ಚಿತ್ರ ತೋರಿಸುವವರೆಗೂ ಕೊಡಬೇಡಿ, ಕೊನೆ ಗಳಿಗೆಯಲ್ಲಿ ಒಂದು ದೃಶ್ಯ ಮತ್ತೆ ತೆಗೆಯಬೇಕಾಗುವುದುಂಟು. ಆಮೇಲೆ ಗುಂಡುಪಿನ್ನಿನ ಕಣ್ಣು, ಪಾದದ ಪಿನ್ನು ಎಲ್ಲ ಎಣಿಸಿ ತೆಗೆದು, ಕಣ್ಣಿನ ಜಾಗಕ್ಕೆ ಕ್ಲೇ ಗುಂಡು ಕೂರಿಸಿ ಕೊಡಿ. ಮುಂದಿನ ವರ್ಷಕ್ಕೆ ಇಡುವುದಾದರೆ ಕ್ಲೇ ಬಿಡಿಸಿ ಬಣ್ಣ ಬಣ್ಣ ಬೇರೆ ಮಾಡಿ ಬಟರ್ ಪೇಪರಿನಲ್ಲಿ ಸುತ್ತಿ ಮುಚ್ಚಳದ ಡಬ್ಬಿಗೆ ಹಾಕಿ. ತಂತಿಯ ಎಲುಬುಗಳಲ್ಲಿ ಮೊಣಕೈ ಬಿಳಿಚಿಕೊಂಡಿದ್ದರೆ ಅಲ್ಲಿ ಬಿರುಕು ಬಿಟ್ಟಿದೆ ಎಂದರ್ಥ, ಆ ಕೈಯನ್ನು ಈಗಲೇ ಬದಲಾಯಿಸಿಡಿ.